ಒಂದು ಲೀಟರಿನ ದೀವಳಿಗೆ

ಸಾಗರ ತಾಲೂಕು
ಭಾನುವಾರ, 3 ನವೆಂಬರ್ 2024

ಪ್ರೀತಿಯ ಗೆಳೆಯಾ,

ನಿನ್ನೆ ಹಬ್ಬದ ದಿನ ನೀನು ಎರಡು ಸಲ ಫೋನ್ ಮಾಡಿದೆ, ನಾನು ಎತ್ತಲಿಲ್ಲ. ಬೇಜಾರು ಮಾಡ್ಕೋಬೇಡ ಮಾರಾಯ. ಶನಿವಾರ ಬೆಳಿಗ್ಗೆ ಏಳರಿಂದ ಹನ್ನೊಂದರವರೆಗೆ ನಾನು ಡಯಾಲಿಸಿಸ್ ಮಷೀನಿನ ಪಕ್ಕ ಮಲಗಿರುತ್ತೇನೆ. ಹೋದ ಕಿಡ್ನಿಯ ಬದಲು ಅದೇ ನನ್ನ ರಕ್ತ ತೊಳೆಯುವುದು. ಎಡಗೈಗೆ ಎರಡು ಸೂಜಿ ಚುಚ್ಚಿರುತ್ತಾರೆ. ಬಲಗೈ ಖಾಲಿಯೇ ಇತ್ತು, ಎತ್ತಬಹುದಿತ್ತು, ಸುಳ್ಳು ಯಾಕೆ ಹೇಳಲಿ. ನೀನು "ಹೇಗಿದ್ದೀಯೋ?" ಅಂತ ಕೇಳುತ್ತೀಯ, ನಾನು "ಆರಾಮು" ಅನ್ನುತ್ತೇನೆ, ಅಲ್ಲಿಗೆ ಮುಗಿಯಿತು. ಈ ಸಲ ಹಾಗೆ ಮುಗಿಸುವ ಮನಸ್ಸಿರಲಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ. ನಾಲ್ಕು ಜನ ಓದುವ ಕಡೆಯೂ ಹಾಕುತ್ತೇನೆ. ನನ್ನ ಅಕ್ಕಪಕ್ಕದ ಮಂಚದವರ ಮನೆಯವರು ಓದಲಿ ಅಂತ ಒಂದು ಆಸೆ.

ಈ ವರ್ಷ ಪಂಚಾಂಗಕ್ಕೂ ನನಗೂ ಏನೋ ಹಗೆ ಇತ್ತು ನೋಡು. ನನ್ನ ಡಯಾಲಿಸಿಸ್ ದಿನಗಳು ಮಂಗಳವಾರ, ಗುರುವಾರ, ಶನಿವಾರ. ವಿಜಯದಶಮಿ ಶನಿವಾರ ಬಂತು. ಭೂಮಿ ಹುಣ್ಣಿಮೆ ಗುರುವಾರ. ನರಕ ಚತುರ್ದಶಿ ಗುರುವಾರ. ಬಲಿಪಾಡ್ಯಮಿ ಮತ್ತೆ ಶನಿವಾರ. ಅಮಾವಾಸ್ಯೆ ಒಂದೇ ನನ್ನ ಪಾಲಿಗೆ ಉಳಿದದ್ದು. ದಶಮಿ ದಿನ ಹೋದರೆ ಮಷೀನುಗಳಿಗೆಲ್ಲ ಕುಂಕುಮ, ಚೆಂಡು ಹೂವು. ಹಿಂದಿನ ದಿನ ಆಯುಧ ಪೂಜೆ ಮಾಡಿದ್ದರಂತೆ. ನನ್ನ ಮಷೀನಿನ ಪರದೆಗೆ ಯಾರೋ ಮೂರು ಬೆರಳು ವಿಭೂತಿಯನ್ನೂ ಎಳೆದಿದ್ದರು. ರಕ್ತ ಎಷ್ಟು ಓಡುತ್ತಿದೆ ಅನ್ನುವ ಅಂಕಿ ವಿಭೂತಿ ಸಂದಿಯಲ್ಲಿ ಕಾಣುತ್ತಿತ್ತು.

ಭೂಮಿ ಹುಣ್ಣಿಮೆ ನಿನಗೆ ಮರೆತಿಲ್ಲ ತಾನೇ? ನೀನು ಬೆಂಗಳೂರಿಗೆ ಹೋದ ಮೇಲೆ ಈ ಹಬ್ಬಕ್ಕೆ ಒಂದು ಸಲವೂ ಬರಲಿಲ್ಲ. ಗದ್ದೆಯಲ್ಲಿ ಭತ್ತ ಹೊಡೆಗೆ ಬಂದಿದೆ. ಅಂದರೆ ಭೂಮಿ ಬಸುರಿ, ಅವಳಿಗೆ ಬಯಕೆ ಊಟ. ದಸರಾ ಮುಗಿಯುವ ಮೊದಲೇ ಇವಳು ಎಡೆ ಹೊರುವ ಭೂಮಣ್ಣಿ ಬುಟ್ಟಿಗಳನ್ನು ಅಟ್ಟದಿಂದ ಇಳಿಸಿದಳು. ಸಗಣಿ ಬಳಿದು, ಒಣಗಿದ ಮೇಲೆ ಕೆಮ್ಮಣ್ಣು ಬಳಿದು, ಅಕ್ಕಿ ಹಿಟ್ಟಿನಲ್ಲಿ ಚಿತ್ತಾರ. ಕುಂಚ ಅಂದರೆ ಪುಂಡಿ ನಾರು, ತುದಿ ಜಜ್ಜಿದ್ದು. ಸಂಜೆ ಹೊತ್ತು ಅವಳು ಬರೆಯುವಾಗ ನಾನು ಪಕ್ಕದಲ್ಲಿ ಕೂತಿರುತ್ತಿದ್ದೆ. ಒಂದು ಗೆರೆ ಎಳೆಯುವಾಗ ಉಸಿರು ಹಿಡಿಯುತ್ತಾಳೆ, ಗೆರೆ ಮುಗಿದ ಮೇಲೆ ಬಿಡುತ್ತಾಳೆ. ಇಪ್ಪತ್ತು ವರ್ಷ ಜೊತೆಗಿದ್ದು ಇದನ್ನು ನೋಡಿರಲಿಲ್ಲ. ಗದ್ದೆ ಕೆಲಸದಲ್ಲಿ ನೋಡುವುದಕ್ಕೆ ಪುರಸೊತ್ತಾದರೂ ಎಲ್ಲಿತ್ತು ಹೇಳು.

ಮಗಳು ಆಗ ನನ್ನ ಎಡಗೈಗೆ ಕಿವಿ ಇಟ್ಟು ಮಲಗುತ್ತಾಳೆ. ಅಲ್ಲಿ ಆಪರೇಷನ್ ಮಾಡಿ ಒಂದು ಅಪಧಮನಿಯನ್ನು ಪಕ್ಕದ ರಕ್ತನಾಳಕ್ಕೆ ಸೇರಿಸಿದ್ದಾರೆ, ಫಿಸ್ಟುಲಾ ಅಂತಾರೆ. ಮುಟ್ಟಿದರೆ ಬೆಕ್ಕು ಗುರುಗುಟ್ಟಿದ ಹಾಗೆ ಅದುರುತ್ತದೆ. ಕಿವಿ ಇಟ್ಟರೆ ಸದ್ದು. "ಅಪ್ಪಾ, ಒಳಗೆ ಜೀರುಂಡೆ ಇದೆ" ಅನ್ನುತ್ತಾಳೆ ಅವಳು. ದಿನಾ ಬೆಳಿಗ್ಗೆ ಎದ್ದ ಕೂಡಲೇ ಅದು ಅದುರುತ್ತಿದೆಯಾ ಅಂತ ಮುಟ್ಟಿ ನೋಡಬೇಕು. ನಿಂತುಹೋದರೆ ಆಸ್ಪತ್ರೆಗೆ ಓಡಬೇಕು. ಆ ಕೈಯಲ್ಲಿ ಭಾರ ಎತ್ತುವ ಹಾಗಿಲ್ಲ, ಬಿಪಿ ನೋಡಿಸುವ ಹಾಗಿಲ್ಲ, ವಾಚು ಕೂಡ ಕಟ್ಟುವ ಹಾಗಿಲ್ಲ.

ಹುಣ್ಣಿಮೆ ಹಿಂದಿನ ರಾತ್ರಿ ಮನೆಯಲ್ಲಿ ಯಾರೂ ಮಲಗುವುದಿಲ್ಲ, ಗೊತ್ತಲ್ಲ. ಕೊಟ್ಟೆ ಕಡುಬು, ಅಂಬಲಿ, ಪಲ್ಯ. ಕಾಡಿನಿಂದ, ಬೇಲಿಯಿಂದ ತಂದ ನೂರೊಂದು ಕುಡಿ. ನಾನು ಎಣಿಸಿಲ್ಲ, ಅವ್ವ ನೂರೊಂದು ಅಂದರೆ ನೂರೊಂದು. ಆ ಸೊಪ್ಪಿನ ಮೇಲೇ ಅತ್ತೆ ಸೊಸೆಗೆ ಸಣ್ಣ ಜಗಳ. ನನ್ನ ಪಾಲಿನ ಸೊಪ್ಪನ್ನು ಇವಳು ಸಣ್ಣಗೆ ಹೆಚ್ಚಿ, ಜಾಸ್ತಿ ನೀರಿನಲ್ಲಿ ಎರಡು ಸಲ ಕುದಿಸಿ, ಎರಡು ಸಲವೂ ನೀರು ಬಸಿದು ಚೆಲ್ಲಿದಳು. "ಸತ್ವ ಎಲ್ಲ ಚರಂಡಿಗೆ ಹೋಯ್ತು" ಅಂತ ಅವ್ವ. ಆ ಸತ್ವವೇ ನನಗೆ ಆಗಿಬರುವುದಿಲ್ಲ ಅಂತ ಅವ್ವನಿಗೆ ಹೇಗೆ ಹೇಳುವುದು? ಸೊಪ್ಪಿನಲ್ಲಿ, ಎಳನೀರಿನಲ್ಲಿ, ಬಾಳೆಹಣ್ಣಿನಲ್ಲಿ ಇರುವ ಪೊಟ್ಯಾಸಿಯಂ ನನ್ನ ಮೈಯಿಂದ ಹೊರಗೆ ಹೋಗುವುದಿಲ್ಲ. ತೀರಾ ಏರಿದರೆ ಎದೆಬಡಿತವೇ ನಿಲ್ಲಬಹುದು. ಅಪ್ಪೆಮಿಡಿ ಉಪ್ಪಿನಕಾಯಿ ಜಾಡಿಯೂ ದೂರ, ಅದು ಉಪ್ಪಿಗೆ. ನಮ್ಮ ಹಿತ್ತಿಲ ಧಾರೆಹುಳಿ ಮರ ನೆನಪಿದೆಯಾ? ಕೊಯ್ದರೆ ನಕ್ಷತ್ರದ ಹಾಗೆ ಕಾಣುತ್ತದಲ್ಲ, ಶಾಲೆಯಿಂದ ಬರುವಾಗ ಉಪ್ಪು ಖಾರ ಹಚ್ಚಿ ತಿನ್ನುತ್ತಿದ್ದೆವು. ಕಿಡ್ನಿ ಹೋದವರಿಗೆ ಅದು ಸೀದಾ ವಿಷ. ಮೊದಲು ಬಿಕ್ಕಳಿಕೆ ಶುರುವಾಗುತ್ತದಂತೆ, ಆಮೇಲೆ ತಲೆಗೇ ಏರುತ್ತದಂತೆ. ಡಾಕ್ಟರು ಹೇಳಿದ ದಿನ ಬಂದು ಆ ಮರದ ಕೆಳಗೆ ಸುಮ್ನೆ ನಿಂತಿದ್ದೆ. ಕಡಿಸಲಿಲ್ಲ. ಮಕ್ಕಳು ತಿನ್ನುತ್ತಾರೆ.

ಬೆಳಿಗ್ಗೆ ಏಳಕ್ಕೆ ನಾನು ಪೇಟೆಯಲ್ಲಿರಬೇಕು. ಅದಕ್ಕೆ ಮೂರೂವರೆಗೇ ಗದ್ದೆಗೆ ಹೊರಟೆವು. ಬುಟ್ಟಿ ತಮ್ಮ ಹೊತ್ತ. ನಾನು ಟಾರ್ಚು. ಇವಳು ತನ್ನ ಸರ ತೆಗೆದು ಪೈರಿಗೆ ತೊಡಿಸಿದಳು. ಇಬ್ಬನಿಗೆ ಭತ್ತದ ಗರಿ ಬಾಗಿತ್ತು, ಸರದ ಭಾರಕ್ಕೆ ಇನ್ನಷ್ಟು ಬಾಗಿತು. ಪೂಜೆ ಆದಮೇಲೆ ಚರಗ, ಅಂದರೆ ಎಡೆಯನ್ನು ಗದ್ದೆಗೆ ಬೀರುವುದು. "ಅಚ್ಚಂಬಲಿ, ಹಾಲಂಬಲಿ, ಬೇಲಿ ಮೇಲಿರೋ ದಾರೆ ಹೀರೇಕಾಯಿ, ಭೂಮ್ತಾಯಿ ಉಂಡು ಹೋಗಲಿ" ಅಂತ ನಾನು ಕೂಗಿದೆ. ತಮ್ಮ "ಹೂ…" ಅಂದ. ಕತ್ತಲಲ್ಲಿ ಆಚೆ ಗದ್ದೆಯಿಂದಲೂ ಯಾರದೋ "ಹೂ" ಬಂತು. ಕಾಗೆಗೆ, ಇಲಿಗೆ ಎಡೆ ಇಟ್ಟಾಯಿತು. ಒಂದು ಕಡುಬನ್ನು ಗದ್ದೆಯಲ್ಲಿ ಹೂತೆವು.

ಆಮೇಲೆ ಅಲ್ಲೇ ಅಂಚಿನ ಮೇಲೆ ಕೂತು ಎಲ್ಲರೂ ಊಟ ಮಾಡಬೇಕಲ್ಲ. ಎಲೆ ಹಾಕಿದರು. ನನ್ನ ಎಲೆಗೆ ಅರ್ಧ ಕಡುಬು, ಒಂದು ಚಮಚ ಬಸಿದ ಸೊಪ್ಪು. ನೋಡಿದರೆ ಎಲ್ಲರ ಎಲೆಯಲ್ಲೂ ಅಷ್ಟೇ. ಮಗಳನ್ನು ಕೇಳಿದರೆ "ಹಸಿವಿಲ್ಲ ಅಪ್ಪ" ಅಂದಳು. ತಮ್ಮ ಆಕಾಶ ನೋಡಿದ. ನಾನು ಬಸ್ಸು ಹತ್ತಿ ಹೋದೆ. ಮಧ್ಯಾಹ್ನ ಸುಸ್ತಾಗಿ ಬಂದು ಕೊಟ್ಟಿಗೆ ಕಡೆ ಹೋದರೆ, ಅಲ್ಲಿ ಮಡಚಿಟ್ಟ ಬಾಳೆಲೆಗಳು. ಐದು. ನಾನು ಹೋದ ಮೇಲೆ ಎಲ್ಲರೂ ದನಗಳ ಮುಂದೆ ಕೂತು ಹೊಟ್ಟೆ ತುಂಬ ಉಂಡಿದ್ದರು.

ಇದು ಹೊಸದಲ್ಲ ಗೆಳೆಯಾ. ತಿಂಗಳುಗಳಿಂದ ನಮ್ಮ ಮನೆಯಲ್ಲಿ ಎಲ್ಲರೂ ಕದ್ದು ನೀರು ಕುಡಿಯುತ್ತಿದ್ದರು. ನನಗೆ ದಿನಕ್ಕೆ ಒಂದು ಲೀಟರು. ಕಾಫಿ, ಸಾರು, ಮಜ್ಜಿಗೆ, ಮಾತ್ರೆ ನುಂಗುವ ನೀರು ಎಲ್ಲ ಸೇರಿ. ಬೆಳಿಗ್ಗೆ ಒಂದು ಬಾಟಲಿ ತುಂಬಿಡುತ್ತೇನೆ. ಕಾಫಿ ಕುಡಿದರೆ ಅಷ್ಟು ನೀರನ್ನು ಬಾಟಲಿಯಿಂದ ಗಿಡಕ್ಕೆ ಚೆಲ್ಲುತ್ತೇನೆ, ಲೆಕ್ಕಕ್ಕೆ. ಬಾಯಾರಿಕೆ ಗಂಟಲಲ್ಲಿ ಇರುತ್ತದೆ ಅಂದುಕೊಂಡಿದ್ದೆ. ಅಲ್ಲ, ನಾಲಿಗೆ ಬುಡದಲ್ಲಿ ಇರುತ್ತದೆ. ಐಸ್ ತುಂಡು ಚೀಪುತ್ತೇನೆ, ನಿಂಬೆ ಹೋಳು ಮೂಸುತ್ತೇನೆ. ಕನಸಿನಲ್ಲಿ ಮಳೆಗಾಲದ ಸೂರಂಚು ಬರುತ್ತದೆ, ನಾನು ಬಾಯಿ ತೆರೆದು ನಿಂತಿರುತ್ತೇನೆ. ಇದನ್ನೆಲ್ಲ ತಡೆಯಬಹುದು. ಚೊಂಬೆತ್ತಿ ಗಟಗಟ ಅಂತ ನೀರು ಕುಡಿಯುತ್ತಿದ್ದ ಅವ್ವ ಈಗ ಹಿತ್ತಿಲಿಗೆ ಹೋಗಿ ಕುಡಿಯುತ್ತಾಳೆ. ಮಗಳು ರಾತ್ರಿ ಸದ್ದಾಗದ ಹಾಗೆ ಫ್ರಿಜ್ಜು ತೆಗೆಯುತ್ತಾಳೆ. ಬಂದ ನೆಂಟರಿಗೆ ನೀರು ಬೆಲ್ಲ ಜಗಲಿಯಲ್ಲೇ ಕೊಟ್ಟು, ಲೋಟ ತೊಳೆದು ಒಳಗೆ ತರುತ್ತಾರೆ. ಇದನ್ನು ತಡೆಯುವುದು ಕಷ್ಟ. ಒಂದು ಮನೆಯವರೆಲ್ಲ ನನ್ನಿಂದ ಕಳ್ಳರಾದರು ಅನ್ನಿಸುತ್ತಿತ್ತು.

ಆ ಐದು ಎಲೆ ನೋಡಿ ನನಗೆ ತಲೆ ಕೆಟ್ಟಿತು. "ನಾನಿನ್ನೂ ಸತ್ತಿಲ್ಲ, ನನ್ನ ಬಿಟ್ಟು ಯಾಕೆ ಎಡೆ ತಿಂದಿರಿ?" ಅಂದುಬಿಟ್ಟೆ. ಹಬ್ಬದ ದಿನ ಆಡುವ ಮಾತಾ ಅದು? ಅವ್ವ ಅತ್ತಳು. ಇವಳು ಅಳಲಿಲ್ಲ. "ನೀವು ನೋಡ್ತಾ ಕೂತ್ರೆ ನಮ್ಗೆ ಗಂಟ್ಲಲ್ಲಿ ಇಳಿಯಲ್ಲ. ಅದಕ್ಕೇನು ಮಾಡ್ಲಿ ಹೇಳಿ" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ನನಗೆ ಕಷ್ಟ ಆಗದಿರಲಿ ಅಂತ ಅವರು ಬಚ್ಚಿಡುವುದು ಅಂತ ತಿಳಿದಿದ್ದೆ. ಅವರಿಗೂ ತಡೆಯುವುದಿಲ್ಲ ಅಂತ ಹೊಳೆದಿರಲೇ ಇಲ್ಲ. ಎರಡು ದಿನ ಮಾತಿಲ್ಲ. ಮೂರನೇ ದಿನ ನಾನೇ ಹೇಳಿದೆ: ನನ್ನೆದುರೇ ಕುಡೀರಿ. ಇಳಿಯದಿದ್ದರೂ ಕುಡೀರಿ. ಅಭ್ಯಾಸ ಆಗುತ್ತದೆ, ನನಗೂ ನಿಮಗೂ.

ಹೇಳಿದಷ್ಟು ಸುಲಭ ಅಲ್ಲ. ಮೊದಲ ಸಲ ಮಗಳು ನನ್ನ ಮುಂದೆ ಲೋಟ ಎತ್ತಿದಾಗ ನಾನೇ ಮುಖ ಆಚೆ ತಿರುಗಿಸಿದೆ.

ಅಷ್ಟರಲ್ಲಿ ನೀರು ತುಂಬುವ ಹಬ್ಬ ಬಂತು. ಇದಕ್ಕೆ ಏನೆನ್ನಬೇಕೋ, ನೀರು ಕುಡಿಯಬಾರದವನ ಮನೆಯಲ್ಲಿ ನೀರಿಗೇ ಹಬ್ಬ. ಬುಧವಾರ ಸಂಜೆ ಹಂಡೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಕೊರಳಿಗೆ ಹಿಂಡ್ಲೆಕಾಯಿ ಬಳ್ಳಿ ಸುತ್ತಿದರು. ಬಾವಿಯಿಂದ ಸೇದುವುದು ಯಾವತ್ತೂ ನನ್ನ ಕೆಲಸ. ಈ ಸಲ ಮಗಳು ಸೇದಿದಳು, ನಾನು ಕಟ್ಟೆ ಮೇಲೆ ಕೂತು ಕೊಡ ಎಣಿಸಿದೆ. ಎಣಿಸುತ್ತಾ ಒಂದು ಲೆಕ್ಕ ತಲೆಗೆ ಬಂತು. ಮಷೀನಿನಲ್ಲಿ ರಕ್ತ ಒಂದು ಸಣ್ಣ ಪೊರೆಯ ಈಚೆ ಓಡುತ್ತದೆ, ಆಚೆ ಶುದ್ಧ ಮಾಡಿದ ನೀರು ಲವಣ ಬೆರೆತು ಓಡುತ್ತದೆ. ನಿಮಿಷಕ್ಕೆ ಅರ್ಧ ಲೀಟರು. ನಾಲ್ಕು ಗಂಟೆಗೆ 120 ಲೀಟರು. ನಮ್ಮ ಹಂಡೆ ಎರಡು ಸಲ ತುಂಬಿದರೂ ಮಿಗುತ್ತದೆ. ವಾರಕ್ಕೆ ಮೂರು ಸಲ ನನಗಾಗಿ ಅಷ್ಟು ನೀರು ಹರಿಯುತ್ತದೆ, ಅದರಲ್ಲಿ ಒಂದು ಗುಟುಕೂ ನನ್ನದಲ್ಲ. ಮಗಳಿಗೆ ಹೇಳಿದೆ. ಅವಳು ನಕ್ಕು, "ಹಾಗಾದ್ರೆ ನಿಂಗೆ ವಾರಕ್ಕೆ ಮೂರು ನೀರು ತುಂಬೋ ಹಬ್ಬ" ಅಂದಳು.

ಕೊನೆಯ ಕೊಡ ಹಂಡೆಗೆ ಸುರಿಯುವ ಮೊದಲು ಅವ್ವ ಬೊಗಸೆ ಒಡ್ಡಿದಳು. ಮಗಳು ಹೊಯ್ದಳು. ಅವ್ವ ಬಗ್ಗಿ ಕುಡಿದಳು, ಮೊದಲಿನ ಹಾಗೇ, ಸದ್ದು ಮಾಡಿಕೊಂಡು. ಮೊಣಕೈಯಿಂದ ನೀರು ಇಳಿದು ಸೀರೆ ಒದ್ದೆಯಾಯಿತು. ನಡುವೆ ಒಂದು ಸಲ ತಲೆಯೆತ್ತಿ ನನ್ನ ನೋಡಿದಳು. "ಕುಡಿಯವ್ವ" ಅಂದೆ. ಆ ಸಲ ನಾನು ಮುಖ ತಿರುಗಿಸಲಿಲ್ಲ.

ನೀನು ಹೋದ ಪತ್ರದಲ್ಲಿ ಕಿಡ್ನಿ ಕಸಿ ವಿಷಯ ಕೇಳಿದ್ದೆ. ಸರ್ಕಾರದ ಅಂಗದಾನ ಸಂಸ್ಥೆ ಜೀವಸಾರ್ಥಕತೆಯಲ್ಲಿ ಹೆಸರು ಬರೆಸಾಗಿದೆ, ಸರದಿಯಲ್ಲಿದ್ದೇನೆ. ಇವಳು ಕೊಡುತ್ತೇನೆ ಅಂತ ಹಟ ಹಿಡಿದಿದ್ದಳು. ಅವಳದು ಬಿ ಗುಂಪು, ನನ್ನದು ಓ, ಕೂಡುವುದಿಲ್ಲ. ಅವ್ವನಿಗೆ ಸಕ್ಕರೆ ಕಾಯಿಲೆ. ತಮ್ಮ ಏನೂ ಹೇಳಿಲ್ಲ, ನಾನು ಕೇಳಿಲ್ಲ. ಅದು ಕೇಳಿ ಪಡೆಯುವುದಲ್ಲ ಅಂತ ನನ್ನ ಅಭಿಪ್ರಾಯ. ಅವನಿಗೂ ಎರಡು ಸಣ್ಣ ಮಕ್ಕಳು. ಮೂರೂವರೆಗೆ ಎದ್ದು ಬುಟ್ಟಿ ಹೊತ್ತನಲ್ಲ, ಸಾಕು. ನೀನು ಅವನಿಗೆ ಫೋನ್ ಮಾಡಿದರೆ ಈ ಮಾತು ತೆಗೆಯಬೇಡ.

ನಿನ್ನೆ ರಾತ್ರಿ ದೀಪ ಹಿಡಿದು ಮನೆಮನೆಗೆ ಹಾಡುತ್ತಾ ಬರುವ ಅಂಟಿಗೆ ಪಂಟಿಗೆಯವರು ಬಂದರು. ಹನ್ನೊಂದೂವರೆ ಆಗಿರಬೇಕು. ಡಯಾಲಿಸಿಸ್ ಆದ ದಿನ ನನಗೆ ಎಂಟಕ್ಕೇ ಕಣ್ಣು ಎಳೆಯುತ್ತದೆ. ಆದರೂ ದೂರದಿಂದ "ದೀಪ್ ದೀಪೋಳ್ಗ್ಯೋ" ಅಂತ ಕೇಳಿದ ಕೂಡಲೇ ಎದ್ದು ಕೂತೆ. ಮಳೆ ಹನಿಯುತ್ತಿತ್ತು. ಅವರ ಹತ್ತಿರ ಇದ್ದದ್ದು ಒಂದೇ ಕೊಡೆ, ಅದನ್ನು ದೀಪಕ್ಕೆ ಹಿಡಿದಿದ್ದರು. ಮನುಷ್ಯರೆಲ್ಲ ತೊಪ್ಪೆಯಾಗಿ ನೆನೆದಿದ್ದರು. ಬಾಗಿಲು ತೆಗೆಸುವ ಪದ ಹೇಳಿದರು, ಇವಳು ಬಾಗಿಲು ತೆಗೆದು ದೀಪಕ್ಕೆ ಎಣ್ಣೆ ಎರೆದಳು, ಅಕ್ಕಿ ಕೊಟ್ಟಳು. ಜಗಲಿಯಲ್ಲೇ ನಿಂತಿದ್ದರು. ನಾನು ಒಳಗೆ ಕರೆದೆ. ಬೆಲ್ಲದ ತಟ್ಟೆ ಇವಳು ಹಿಡಿದಳು, ನೀರಿನ ಚೊಂಬು ನಾನು ಹಿಡಿದೆ, ಬಲಗೈಯಲ್ಲಿ. ಏಳು ಜನ. ಮುಂದಾಳು ಮುದುಕ ಎರಡು ಚೊಂಬು ಕುಡಿದ. ಹಾಡಿ ಹಾಡಿ ಗಂಟಲು ಒಣಗಿತ್ತಂತೆ. ಕುಡಿದು "ಹಾ…" ಅಂದ ನೋಡು, ಅದನ್ನು ಕೇಳಿ ನನಗೆ ನಗು ಬಂತು.

ಡಿಸೆಂಬರಿನಲ್ಲಿ ಕೊಯ್ಲು. ಆಗ ಬಾ. ಹೂತ ಕಡುಬು ಸಿಗುತ್ತದೋ, ಇಲಿ ತಿಂದಿದೆಯೋ ನೋಡೋಣ. ಹೋದ ಸಲದ ಹಾಗೆ ಕಿತ್ತಳೆ ಬುಟ್ಟಿ, ಎಳನೀರು ಹೊತ್ತು ಬರಬೇಡ, ಒಂದನ್ನೂ ತಿನ್ನುವ ಹಾಗಿಲ್ಲ. ಮಂಗಳ, ಗುರು, ಶನಿ ಬಿಟ್ಟು ಯಾವ ದಿನ ಆದರೂ ಸರಿ. ಬಂದ ಕೂಡಲೇ ನೀರು ಕೇಳು, ಸಂಕೋಚ ಬೇಡ.

ಇವತ್ತಿನ ಬಾಟಲಿಯಲ್ಲಿ ಇನ್ನು ಎರಡು ಗುಟುಕಿದೆ. ರಾತ್ರಿ ಮಾತ್ರೆಗೆ ಬೇಕು. ಇಲ್ಲಿಗೆ ನಿಲ್ಲಿಸುತ್ತೇನೆ.

ಇಂತಿ ನಿನ್ನ ಗೆಳೆಯ