ಬಣ್ಣ ಕಲಿಸಿಕೊಟ್ಟ ಮೇಡಂ ಅವರಿಗೆ

ಗ್ರಂಥಾಲಯದ ಮಕ್ಕಳ ವಿಭಾಗದಲ್ಲಿ ನಮ್ಮ ಪಕ್ಕ ಕೂತು ನನ್ನ ಮಗಳಿಗೆ ಚಿತ್ರಪುಸ್ತಕ ತೋರಿಸಿದ ಮೇಡಂ, ನಿಮ್ಮ ಹೆಸರು ಗೊತ್ತಿಲ್ಲ, ಆದರೂ ಧನ್ಯವಾದ ಹೇಳಲೇಬೇಕು.

ಎರಡೂವರೆ ವರ್ಷದ ಮಗಳು ಕೆಂಪು, ನೀಲಿ, ಹಳದಿ ಎಂದು ಪಟಪಟನೆ ಒಪ್ಪಿಸುತ್ತಿದ್ದಳು. ಯಾವುದು ಯಾವ ಬಣ್ಣ ಎಂದು ಕೇಳಿದರೆ ಮಾತ್ರ ತಡಬಡಾಯಿಸುತ್ತಿದ್ದಳು. ಈ ವಯಸ್ಸಿಗೆ ಇದು ಸಹಜ, ಗಾಬರಿ ಬೇಡ ಎಂದು ನೀವು ಹೇಳಿದಾಗಲೇ ಅರ್ಧ ಭಾರ ಇಳಿಯಿತು.

ಆಮೇಲೆ ನೀವು ಪುಟ ತೋರಿಸಿದ ರೀತಿಯನ್ನು ಮರೆಯಲಾರೆ. "ಕೆಂಪು ಚೆಂಡು" ಅನ್ನಲಿಲ್ಲ. ಚೆಂಡಿನ ಮೇಲೆ ಬೆರಳಿಟ್ಟು, ಅವಳ ಕಣ್ಣು ಅಲ್ಲಿಗೆ ಬರುವವರೆಗೂ ಕಾದು, "ಈ ಚೆಂಡು ನೋಡು ಪುಟ್ಟಿ... ಕೆಂಪು" ಅಂದಿರಿ. ವಸ್ತು ಮೊದಲು ಗುರುತಾದರೆ ಗಮನ ತಾನಾಗಿ ಬಣ್ಣದ ಕಡೆ ಹೋಗುತ್ತದಂತೆ. ಇಂಗ್ಲಿಷ್ ಕಲಿಯುವ ಪುಟ್ಟ ಮಕ್ಕಳ ಬಗ್ಗೆ 2010ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದನ್ನೇ ಹೇಳಿರುವುದನ್ನು ನಾನು ಆಮೇಲೆ ಓದಿದೆ.

ಒಂದೇ ಆಕಾರದ ಕಾರುಗಳು ಬೇರೆ ಬೇರೆ ಬಣ್ಣದಲ್ಲಿದ್ದ ಪುಟದಲ್ಲಿ ನೀವು ಬಹಳ ಹೊತ್ತು ನಿಂತಿರಿ. ಉಳಿದದ್ದೆಲ್ಲ ಒಂದೇ ಆಗಿದ್ದಾಗ ಮಗುವಿಗೆ ಕಾಣುವ ವ್ಯತ್ಯಾಸ ಬಣ್ಣ ಮಾತ್ರ! ತಿಳಿಹಸಿರು ಎಲೆ, ಕಡುಹಸಿರು ಕಪ್ಪೆ ಎರಡನ್ನೂ ತೋರಿಸಿ, ಎರಡೂ ಹಸಿರೇ ಎಂದು ಹೇಳಿದ್ದೂ ನೆನಪಿದೆ. ತಪ್ಪು ಹೇಳಿದಾಗ "ಅಲ್ಲ" ಎನ್ನದೆ ಸರಿಯಾದದ್ದನ್ನು ಮೆಲ್ಲಗೆ ಹೇಳಿದ ನಿಮ್ಮ ತಾಳ್ಮೆ ನನಗೂ ಪಾಠವೇ.

ಈಗ ಅವಳೇ ಪುಸ್ತಕ ಬಿಡಿಸಿಕೊಂಡು "ಅಮ್ಮಾ, ಟೋಪಿ ನೋಡು, ಹಳದಿ" ಅನ್ನುತ್ತಾಳೆ. ನಿಮಗೆ ಮನಸಾರೆ ಧನ್ಯವಾದಗಳು, ಮೇಡಂ.