ಶೀಲ್ಡ್ ಕೇಬಲ್ ಮೈಕಿಗೆ, ಸ್ಪೀಕರಿಗಲ್ಲ

ಮಾನ್ಯ ಸಂಪಾದಕರೇ,

ಸುಗ್ಗಿ ಮುಗಿದ ಮೇಲೆ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಜಾತ್ರೆಗಳ ಜೊತೆಗೆ ಪೌರಾಣಿಕ ನಾಟಕಗಳೂ ನಡೆಯುತ್ತವೆ. ಗುಬ್ಬಿ ತಾಲ್ಲೂಕಿನ ನಮ್ಮೂರಿನ ನಾಟಕದಲ್ಲಿ ಈಚೆಗೆ ಹಾರ್ಮೋನಿಯಂ ಮೇಷ್ಟ್ರು ಶ್ರುತಿ ಹಿಡಿಯುವ ಮೊದಲೇ ಸ್ಪೀಕರುಗಳು ‘ಗುಂಯ್’ ಎಂದು ತಮ್ಮದೇ ಶ್ರುತಿ ಹಿಡಿದು, ಬೆಳಗಿನ ಜಾವದವರೆಗೂ ಬಿಡಲಿಲ್ಲ. ಮೈಕ್‌ಸೆಟ್ ಹೊಸದು. ಮರುದಿನ ಬಿಚ್ಚಿ ನೋಡಿದರೆ, ಎಳೆಗಳ ಸುತ್ತ ತಾಮ್ರದ ಜಾಲರಿಯಿರುವ ದುಬಾರಿ ಶೀಲ್ಡ್ ಕೇಬಲನ್ನು ಸ್ಪೀಕರುಗಳಿಗೆ ಎಳೆದು, ಮೈಕುಗಳಿಗೆ ಜಾಲರಿಯಿಲ್ಲದ ಸಾದಾ ಎರಡೆಳೆ ವಯರ್ ಹಾಕಲಾಗಿತ್ತು.

ಮೈಕಿನಿಂದ ಹೊರಡುವ ಸಂಕೇತ ಕೆಲವೇ ಮಿಲಿವೋಲ್ಟ್‌ಗಳದ್ದು. ಪಕ್ಕದಲ್ಲಿ ಹಾದುಹೋಗುವ 230 ವೋಲ್ಟ್‌ನ ಕರೆಂಟ್ ವಯರಿನಿಂದ 50 ಹರ್ಟ್ಜ್‌ನ ಗುಂಯ್‌ಗುಡುವಿಕೆ ತುಸು ನುಸುಳಿದರೂ ಆಂಪ್ಲಿಫೈಯರ್ ಅದನ್ನು ಹಾಡಿನಷ್ಟೇ ಶ್ರದ್ಧೆಯಿಂದ ದೊಡ್ಡದು ಮಾಡುತ್ತದೆ. ಆದ್ದರಿಂದ ಅಲ್ಲಿ ಈ ನುಸುಳುವಿಕೆಯನ್ನು ತಡೆಯುವ ತಾಮ್ರದ ಜಾಲರಿ ಸುತ್ತಿದ ಕೇಬಲ್ ಬೇಕೇ ಬೇಕು. ದೂರ ಹೆಚ್ಚಿದ್ದರೆ, ಜಾಲರಿಯೊಳಗೆ ಒಂದಕ್ಕೊಂದು ಹೊಸೆದ ಎರಡು ಎಳೆಗಳಿದ್ದು ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಕನೆಕ್ಟರ್ ಇರುವ ಕೇಬಲನ್ನೇ ಕೊಳ್ಳುವುದು ಲೇಸು. ಎರಡೂ ಎಳೆಗಳಿಗೆ ಸಮನಾಗಿ ಅಂಟಿದ ಗದ್ದಲವನ್ನು, ಮೈಕುಗಳ ಸಂಕೇತಗಳನ್ನು ಕೂಡಿಸುವ ಮಿಕ್ಸರಿನ ಬ್ಯಾಲೆನ್ಸ್ಡ್ ಇನ್‌ಪುಟ್ ಕಳೆದುಬಿಡುತ್ತದೆ. ಜಾಲರಿಯ ಬದಲು ಫಾಯಿಲ್ ಸುತ್ತಿದ ಕೇಬಲೂ ಸಿಗುತ್ತದೆ, ಆದರೆ ಅದು ಗೋಡೆಗೆ ಬಡಿದು ಬಿಡುವುದಕ್ಕೆ ಸರಿಯೇ ಹೊರತು ನಾಟಕದಿಂದ ನಾಟಕಕ್ಕೆ ಸುತ್ತಿ ಬಿಚ್ಚುವ ಕೆಲಸಕ್ಕೆ ಬಾಳುವುದಿಲ್ಲ.

ಸ್ಪೀಕರಿಗೆ ಹೋಗುವ ಸಂಕೇತ ಹತ್ತಾರು ವೋಲ್ಟ್‌ಗಳದ್ದು. ಅದರ ಮುಂದೆ ಈ ನುಸುಳುವ ಗದ್ದಲ ಕಿವಿಗೆ ಬೀಳುವುದೇ ಇಲ್ಲ. ಅಲ್ಲಿ ಬೇಕಾದದ್ದು ಜಾಲರಿಯಲ್ಲ, ದಪ್ಪ ತಾಮ್ರ. ಮೈಕಿನ ತೆಳು ಕೇಬಲ್ ಹಾಕಿದರೆ ಆಂಪ್ಲಿಫೈಯರಿನ ಶಕ್ತಿಯಲ್ಲಿ ಒಂದು ಪಾಲು ತಂತಿಯಲ್ಲೇ ಬಿಸಿಯಾಗಿ ಹೋಗುತ್ತದೆ.

ಹಾಗೆಂದು ಜಾಲರಿ ಎಲ್ಲಕ್ಕೂ ಮದ್ದಲ್ಲ. ಸೀನರಿಯವರ ದೀಪಗಳ ಬೆಳಕು ಹೆಚ್ಚುಕಡಿಮೆ ಮಾಡುವ ಡಿಮ್ಮರ್ ವಯರಿನ ಜೊತೆ ಮೈಕ್ ಕೇಬಲನ್ನು ಒಂದೇ ಕಟ್ಟಾಗಿ ಎಳೆದರೆ, ಆ ವಯರಿನ ಕಾಂತಕ್ಷೇತ್ರವನ್ನು ತಾಮ್ರದ ಜಾಲರಿ ಹೆಚ್ಚೇನೂ ತಡೆಯಲಾರದು. ಎರಡನ್ನೂ ದೂರವಿಟ್ಟು, ಅನಿವಾರ್ಯವಾದಲ್ಲಿ ಅಡ್ಡಕ್ಕೆ ದಾಟಿಸಬೇಕು. ಮಿಕ್ಸರಿಗೆ ಒಂದು ಕಡೆಯಿಂದ, ಆಂಪ್ಲಿಫೈಯರಿಗೆ ಇನ್ನೊಂದು ಕಡೆಯಿಂದ ಕರೆಂಟ್ ಕೊಟ್ಟಾಗ ಎರಡು ಅರ್ತಿಂಗ್‌ಗಳ ನಡುವೆ ಜಾಲರಿಯ ಮೂಲಕವೇ ಕರೆಂಟ್ ಹರಿದು ಗುಂಯ್‌ಗುಡುವುದುಂಟು. ಅದನ್ನು ನಿಲ್ಲಿಸಲೆಂದು ಪ್ಲಗ್ಗಿನ ಅರ್ತ್ ಪಿನ್ನನ್ನೇ ಕತ್ತರಿಸಿದವರನ್ನು ಕಂಡಿದ್ದೇನೆ. ಎರಡಕ್ಕೂ ಒಂದೇ ಬೋರ್ಡಿನಿಂದ ಕರೆಂಟ್ ಕೊಟ್ಟರೆ ಮುಗಿಯುವ ಕೆಲಸಕ್ಕೆ ಮೈಕ್ ಮುಟ್ಟುವ ಪಾತ್ರಧಾರಿಯ ಜೀವವನ್ನು ಪಣಕ್ಕೊಡ್ಡುವ ಕೆಲಸವಿದು.

ನಮ್ಮೂರಿನವರು ಪಡೆದ ಕೊಟೇಶನ್‌ನಲ್ಲಿ ‘ಕೇಬಲ್, ಒಂದು ಲಾಟ್’ ಎಂಬ ಒಂದೇ ಸಾಲಿತ್ತು. ದೇವಸ್ಥಾನದ ಸಮಿತಿಗಳೂ ಗ್ರಾಮ ಪಂಚಾಯಿತಿಗಳೂ ಮೈಕ್‌ಸೆಟ್ ಕೊಳ್ಳುವಾಗ ಮೈಕಿನ ಕೇಬಲ್ ಎಷ್ಟು ಮೀಟರ್, ಸ್ಪೀಕರಿನ ವಯರ್ ಎಷ್ಟು ಮೀಟರ್ ಮತ್ತು ಎಷ್ಟು ದಪ್ಪ ಎಂಬುದನ್ನು ಬೇರೆಬೇರೆಯಾಗಿ ಬರೆಸಿಕೊಳ್ಳಬೇಕೆಂದು ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

— ಓದುಗ, ಗುಬ್ಬಿ ತಾಲ್ಲೂಕು, ತುಮಕೂರು ಜಿಲ್ಲೆ