ಮಗಳಿಗೊಂದು ಪತ್ರ: ಒಡೆಯದೆ ಒಳಗನ್ನು ಕೇಳುವುದು

ಸೋಮವಾರಪೇಟೆ
ಭಾನುವಾರ ರಾತ್ರಿ

ಪ್ರೀತಿಯ ಪುಟ್ಟಿ,

ನಿನ್ನ ಕಾಗದವನ್ನು ಕಣದಲ್ಲೇ ಕೂತು ಓದಿದೆ. ರೊಬಸ್ಟಾ ಕಾಫಿ ಕುಯ್ಲು ಅರ್ಧ ಮುಗಿದಿದೆ. "ಜೀವಶಾಸ್ತ್ರ ಓದಿ ಬಂದವಳಿಗೆ ಈ ಎಂಆರ್‌ಐ ಭೌತಶಾಸ್ತ್ರ ತಲೆಗೆ ಹತ್ತುತ್ತಿಲ್ಲ, ಸಾಫ್ಟ್‌ವೇರ್ ನಡೆಸಲು ಕಲಿತರೆ ಸಾಲದೇ ಅಮ್ಮ" ಎಂದು ಕೇಳಿದ್ದೀಯ. ಸಾಲದು ಪುಟ್ಟಿ. ಯಾಕೆ ಸಾಲದು ಎಂದು ಹೇಳದೆ ಇವತ್ತು ನನಗೆ ನಿದ್ದೆ ಬರುವುದಿಲ್ಲ.

ಮಧ್ಯಾಹ್ನ ಅಪ್ಪ ಕಣದ ಅಂಚಿನಲ್ಲಿ ಕುಕ್ಕರಗಾಲಿನಲ್ಲಿ ಕೂತು, ಒಣಗುತ್ತಿದ್ದ ಚೆರಿಯನ್ನು ಒಂದು ಹಿಡಿ ತೆಗೆದುಕೊಂಡು ಕಿವಿಯ ಹತ್ತಿರ ಅಲ್ಲಾಡಿಸಿದರು. ಸದ್ದು ಮಂಕಾಗಿತ್ತು. "ಇನ್ನೂ ಎರಡು ಬಿಸಿಲು ಬೇಕು" ಎಂದರು. ಪಕ್ಕದ ರಾಶಿ ಗಲಗಲ ಎಂದಿತು, ಅದನ್ನು ಚೀಲಕ್ಕೆ ತುಂಬಲು ಹೇಳಿದರು. ಒಂದು ಕಾಯಿಯ ಸಿಪ್ಪೆಯನ್ನೂ ಒಡೆಯಲಿಲ್ಲ. ಅಲ್ಲಾಡಿಸಿದರು, ಕೇಳಿಸಿಕೊಂಡರು. ನೀನು ಕಲಿಯಲು ಹೊರಟಿರುವ ಎಂಆರ್‌ಐ, ಅಂದರೆ ಕಾಂತ ಮತ್ತು ರೇಡಿಯೊ ಅಲೆಗಳಿಂದ ದೇಹದೊಳಗಿನ ಚಿತ್ರ ತೆಗೆಯುವ ವಿದ್ಯೆಯ ಬುಡ ಇಷ್ಟೇ.

ಅಲ್ಲಾಡುವುದು ಇಲ್ಲಿ ನೀರಿನೊಳಗಿನ ಜಲಜನಕದ ಪರಮಾಣುವಿನ ಬೀಜ, ಅಂದರೆ ಒಂಟಿ ಪ್ರೋಟಾನ್. ಅದೊಂದು ಪುಟ್ಟ ಕಾಂತ. ದೊಡ್ಡ ಕಾಂತಕ್ಷೇತ್ರದೊಳಗೆ ಅದು ಓಲಾಡುವ ಬುಗುರಿಯ ಹಾಗೆ ಸುತ್ತುತ್ತದೆ, ಕ್ಷೇತ್ರ ಬಲವಾದಷ್ಟೂ ವೇಗವಾಗಿ. ಕ್ಷೇತ್ರದ ಬಲವನ್ನು ಟೆಸ್ಲಾದಲ್ಲಿ ಅಳೆಯುತ್ತಾರೆ. 1.5 ಟೆಸ್ಲಾದಲ್ಲಿ ಸೆಕೆಂಡಿಗೆ ಸುಮಾರು 6 ಕೋಟಿ 40 ಲಕ್ಷ ಸುತ್ತು, ಅಂದರೆ 64 ಮೆಗಾಹರ್ಟ್ಸ್. 3 ಟೆಸ್ಲಾದಲ್ಲಿ 128. ಮನೆಯಲ್ಲಿ ಬೆಳಿಗ್ಗೆ ನಾವು ಹಾಕುವ ಮಡಿಕೇರಿ ಆಕಾಶವಾಣಿ 103.1, ಇವೆರಡರ ನಡುವೆ ಬರುತ್ತದೆ! ರೇಡಿಯೊದ ಮುಳ್ಳು ಸರಿಯಾದ ಜಾಗಕ್ಕೆ ಬಂದಾಗ ಮಾತ್ರ ದನಿ ತಿಳಿಯಾಗುವಂತೆ, ಅದೇ ಆವೃತ್ತಿಯ ರೇಡಿಯೊ ಅಲೆ ಕೊಟ್ಟಾಗ ಮಾತ್ರ ಪ್ರೋಟಾನ್ ಅದನ್ನು ಹೀರಿಕೊಂಡು ವಾಲುತ್ತದೆ. ಅಲೆ ನಿಲ್ಲಿಸಿದರೆ ತಾನೇ ಅದೇ ಆವೃತ್ತಿಯಲ್ಲಿ ಉತ್ತರ ಕೊಡುತ್ತದೆ. ಅನುರಣನ ಎಂದರೆ ಇದು. ಹೊರಗಿನ ಪ್ರಸಾರ ಒಳಗೆ ನುಸುಳಿ ಈ ಸಣ್ಣ ಉತ್ತರವನ್ನು ಮುಳುಗಿಸಬಾರದು ಎಂದೇ ಎಂಆರ್‌ಐ ಕೋಣೆಯ ಗೋಡೆಗೆಲ್ಲ ತಾಮ್ರ ಹೊದಿಸುತ್ತಾರೆ.

ಉತ್ತರ ಎಷ್ಟು ಸಣ್ಣದು ಗೊತ್ತೇ? 1.5 ಟೆಸ್ಲಾ ಎಂದರೆ ನಮ್ಮ ಭೂಮಿಯ ಕಾಂತಕ್ಷೇತ್ರದ ಸುಮಾರು ಮೂವತ್ತೇಳು ಸಾವಿರ ಪಟ್ಟು. ಅಷ್ಟಾದರೂ ಹತ್ತು ಲಕ್ಷ ಪ್ರೋಟಾನುಗಳಲ್ಲಿ ಕ್ಷೇತ್ರದ ಕಡೆ ನಿಂತವು ಎದುರು ನಿಂತವಕ್ಕಿಂತ ಹೆಚ್ಚಿರುವುದು ಬರೀ ಐದು. ಉಳಿದವೆಲ್ಲ ಒಂದನ್ನೊಂದು ಅಳಿಸಿಹಾಕುತ್ತವೆ. ಆ ಐದರ ದನಿಯಿಂದ ಮಿದುಳಿನ ಇಡೀ ಚಿತ್ರ ಮೂಡುತ್ತದೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದ್ದೇನೆ, ಇದಕ್ಕಿಂತ ಬೆರಗಿನ ಲೆಕ್ಕವನ್ನು ನಾನು ಕಂಡಿಲ್ಲ.

ದನಿ ಎಲ್ಲಿಂದ ಬಂತು ಎಂದು ತಿಳಿಯಬೇಕಲ್ಲ. ಅದಕ್ಕೆ ಕ್ಷೇತ್ರವನ್ನು ನಮ್ಮ ಮೆಟ್ಟಿಲು ಗದ್ದೆಯ ಹಾಗೆ ಇಳಿಜಾರು ಮಾಡುತ್ತಾರೆ. ಪ್ರತಿ ಮೆಟ್ಟಿಲಿನ ನೀರಿಗೂ ಬೇರೆ ಬೇರೆ ಶ್ರುತಿ, ಶ್ರುತಿ ಕೇಳಿದರೆ ಜಾಗ ತಿಳಿಯುತ್ತದೆ. ಇದನ್ನು 1973ರಲ್ಲಿ ತೋರಿಸಿದವರು ಪಾಲ್ ಲಾಟರ್ಬರ್, ಎರಡು ಸಣ್ಣ ನಳಿಗೆಗಳ ನೀರಿನ ಚಿತ್ರ ತೆಗೆದು. 'ನೇಚರ್' ಪತ್ರಿಕೆ ಆ ಲೇಖನವನ್ನು ಮೊದಲು ತಿರಸ್ಕರಿಸಿತ್ತು. 2003ರಲ್ಲಿ ಅವರಿಗೂ ಪೀಟರ್ ಮ್ಯಾನ್ಸ್‌ಫೀಲ್ಡ್‌ಗೂ ನೊಬೆಲ್ ಬಂತು. ಬ್ಲಾಕ್ ಮತ್ತು ಪರ್ಸೆಲ್ ಹೆಸರು ನಿನ್ನ ಪುಸ್ತಕದಲ್ಲಿ ಇದ್ದೇ ಇರುತ್ತದೆ. ಅವರು ಈ ಅನುರಣನವನ್ನು 1946ರಲ್ಲಿ ಪ್ರಕಟಿಸಿದ ಐದೇ ವರ್ಷಕ್ಕೆ, ನೀನು ಈಗಿರುವ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಿ. ಸೂರ್ಯನ್ ಅವರು ಹರಿಯುವ ದ್ರವದಲ್ಲಿ ಅದರ ಸಂಕೇತ ಹೇಗೆ ಬದಲಾಗುತ್ತದೆ ಎಂದು ಅಳೆದಿದ್ದರು. ಈ ವಿದ್ಯೆ ಪೂರ್ತಿ ಪರದೇಶದ್ದು ಎಂದುಕೊಳ್ಳಬೇಡ.

ಈಗ ನಾನು ಹೇಳಲೇಬೇಕಾದ ಮಾತು. ಎಂಆರ್‌ಐಯಲ್ಲಿ ಬರುವುದು ಫೋಟೊ ಅಲ್ಲ ಪುಟ್ಟಿ, ನೀನು ಕೇಳಿದ ಪ್ರಶ್ನೆಗೆ ನೀರು ಕೊಟ್ಟ ಉತ್ತರ. ವಾಲಿದ ಪ್ರೋಟಾನುಗಳು ಮತ್ತೆ ನೆಟ್ಟಗಾಗಲು ಹಿಡಿಯುವ ಹೊತ್ತು ಟಿ1, ಒಟ್ಟಿಗೆ ಎದ್ದ ದನಿ ಚದುರಿ ಅಡಗಲು ಹಿಡಿಯುವ ಹೊತ್ತು ಟಿ2. ಮಿದುಳಿನ ಅಂಗಾಂಶದಲ್ಲಿ ದನಿ ಸೆಕೆಂಡಿನ ಹತ್ತನೇ ಒಂದು ಭಾಗದಷ್ಟರಲ್ಲಿ ಅಡಗುತ್ತದೆ, ಮಿದುಳಿನ ಕುಳಿಗಳೊಳಗಿನ ದ್ರವದಲ್ಲಿ ಬಹಳ ಹೊತ್ತು ಉಳಿಯುತ್ತದೆ. ಹಾಗಾಗಿ ಟಿ2 ಕೇಳಿದರೆ ಆ ದ್ರವ ಬೆಳ್ಳಗೆ ಹೊಳೆಯುತ್ತದೆ, ಟಿ1 ಕೇಳಿದರೆ ಕಪ್ಪಗೆ ಕಾಣುತ್ತದೆ. ಅದೇ ತಲೆ, ಅದೇ ದ್ರವ. ಕೇಳಿದ್ದು ಏನೆಂದು ಗೊತ್ತಿಲ್ಲದವರಿಗೆ ಬಿಳಿಯೂ ಕಪ್ಪೂ ಬರೀ ಬಣ್ಣ.

ಅಜ್ಜಿಗೆ ಲಕ್ವ ಹೊಡೆದ ದಿನ ನೀನು ಹಾಸ್ಟೆಲಿನಲ್ಲಿದ್ದೆ. ಕುಶಾಲನಗರ, ಹುಣಸೂರು ದಾಟಿ ಮೈಸೂರು ಸೇರುವಷ್ಟರಲ್ಲಿ ಕತ್ತಲಾಗಿತ್ತು. ಸಿ.ಟಿ.ಯಲ್ಲಿ ಏನೂ ಕಾಣಲಿಲ್ಲ, ಮೊದಲ ಗಂಟೆಗಳಲ್ಲಿ ಎಷ್ಟೋ ಬಾರಿ ಹಾಗೇ. ಎಂಆರ್‌ಐಗೆ ಬರೆದರು. ಮೈಮೇಲೆ ಲೋಹ ಇರಬಾರದು ಎಂದರು. ಅರವತ್ತು ವರ್ಷದಿಂದ ತೆಗೆಯದ ಮೂಗುಬೊಟ್ಟು, ತಿರುಪು ಬಿಗಿದುಕೊಂಡಿತ್ತು. ಕೊಬ್ಬರಿ ಎಣ್ಣೆ ಹಚ್ಚಿ ಹತ್ತು ನಿಮಿಷ ತಿರುವಿದೆ. ಅದು ಕಳಚಿ ಬಂದಾಗ ಅಜ್ಜಿಯ ಸರಿಯಿದ್ದ ಕಣ್ಣಿನಿಂದ ನೀರು ಇಳಿಯಿತು. ನಾನದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡೆ. ಒಳಗೆ ಸದ್ದು ಎಷ್ಟಿರುತ್ತದೆ, ಯಾಕಿರುತ್ತದೆ ಎಂದು ಯಾರೂ ಅವರಿಗೆ ಹೇಳಲಿಲ್ಲ. ಬೆದರಿ ತಲೆ ಅಲ್ಲಾಡಿಸಿದರು, ಚಿತ್ರ ಕೆಟ್ಟಿತು, ಮತ್ತೆ ಮೊದಲಿನಿಂದ ಶುರುಮಾಡಿದರು. ಇಳಿಜಾರು ಮಾಡುವ ಸುರುಳಿಗಳಲ್ಲಿ ವಿದ್ಯುತ್ತು ಕ್ಷಣಕ್ಷಣಕ್ಕೂ ಹರಿದು ನಿಂತಾಗ ಅವು ಅದುರಿ ಬಡಿದುಕೊಳ್ಳುತ್ತವೆ, ಸದ್ದು ಅದರದ್ದು. ಒಂದು ಮಾತು ಹೇಳಿದ್ದರೆ ಸಾಕಿತ್ತು. ನೀನು ಹೇಳು. ಪ್ರತಿಯೊಬ್ಬರಿಗೂ, ಅವರ ಭಾಷೆಯಲ್ಲಿ.

ಆಮೇಲೆ ವೈದ್ಯರು ತೋರಿಸಿದ ಚಿತ್ರದಲ್ಲಿ ಎಡಗಡೆ ಒಂದು ಬಿಳಿ ಮಚ್ಚೆ ಇತ್ತು. ಆ ಬಾರಿ ಕೇಳಿದ ಪ್ರಶ್ನೆಯೇ ಬೇರೆ: ನೀರು ಎಷ್ಟು ಸಲೀಸಾಗಿ ಅಡ್ಡಾಡುತ್ತಿದೆ? ರಕ್ತ ಸಿಗದ ಜೀವಕೋಶಗಳು ಊದಿಕೊಂಡಾಗ ನೀರಿನ ಓಡಾಟ ಕಟ್ಟಿಹೋಗುತ್ತದೆ, ಅಲ್ಲಿ ಚಿತ್ರ ಬೆಳಗುತ್ತದೆ. ಸರಿಯಾದ ಪ್ರಶ್ನೆ ಕೇಳಿದ್ದರಿಂದ ಅಜ್ಜಿಯ ಚಿಕಿತ್ಸೆಗೆ ದಾರಿ ಸಿಕ್ಕಿತು.

ಭಾಷೆ ಆಡುವಾಗ ಮಿದುಳು ಹೇಗೆ ಕೆಲಸ ಮಾಡುತ್ತದೆ ಎಂದು ಎಫ್‌ಎಂಆರ್‌ಐಯಲ್ಲಿ ನೋಡುವ ಆಸೆ ನಿನ್ನದು. ಅಲ್ಲಿ ಇನ್ನೂ ಎಚ್ಚರ ಬೇಕು. ಆಮ್ಲಜನಕ ಬಿಟ್ಟುಕೊಟ್ಟ ರಕ್ತ ಸಂಕೇತವನ್ನು ಕುಗ್ಗಿಸುತ್ತದೆ ಎಂದು 1990ರಲ್ಲಿ ಸೇಜಿ ಒಗಾವಾ ತೋರಿಸಿದರು. ಮಿದುಳಿನ ಒಂದು ಭಾಗ ದುಡಿದಾಗ ಬೇಕಾದದ್ದಕ್ಕಿಂತ ಹೆಚ್ಚು ಹೊಸ ರಕ್ತ ಅಲ್ಲಿಗೆ ನುಗ್ಗುತ್ತದೆ, ಸಂಕೇತ ಕೊಂಚ ಏರುತ್ತದೆ, ಅದೂ ಐದಾರು ಸೆಕೆಂಡು ತಡವಾಗಿ. ಭಾಗಮಂಡಲದಲ್ಲಿ ಮಳೆ ಹೊಯ್ದರೆ ಕುಶಾಲನಗರದ ಸೇತುವೆಯ ಕೆಳಗೆ ಕಾವೇರಿ ಏರುವುದು ಆಮೇಲೆ. ನೀನು ನೋಡುವುದು ಹೊಳೆಯನ್ನು, ಮಳೆಯನ್ನಲ್ಲ. ಅಮೆರಿಕದ ಸಂಶೋಧಕರು ಸತ್ತ ಸಾಲ್ಮನ್ ಮೀನೊಂದನ್ನು ಯಂತ್ರದಲ್ಲಿಟ್ಟು, ಸಾವಿರಾರು ಬಿಂದುಗಳನ್ನು ಒಟ್ಟಿಗೆ ಪರೀಕ್ಷಿಸುವಾಗ ಮಾಡಬೇಕಾದ ತಿದ್ದುಪಡಿ ಬಿಟ್ಟು ಲೆಕ್ಕ ಹಾಕಿ ತೋರಿಸಿದರು. ಆ ಸತ್ತ ಮಿದುಳಿನಲ್ಲೂ 'ಚಟುವಟಿಕೆ' ಕಾಣಿಸಿತು. ಸಾಫ್ಟ್‌ವೇರ್ ಅದನ್ನು ತಾನಾಗಿ ತಡೆಯಲಿಲ್ಲ. ನೀನೇ ತಡೆಯಬೇಕು.

ಇನ್ನೊಂದು: ಆ ಕಾಂತವನ್ನು ಯಾರೂ ರಾತ್ರಿ ಆರಿಸಿ ಹೋಗುವುದಿಲ್ಲ. ಮೈನಸ್ 269 ಡಿಗ್ರಿಯ ದ್ರವ ಹೀಲಿಯಂನಲ್ಲಿ ಅದ್ದಿದ ಸುರುಳಿಯಲ್ಲಿ ವಿದ್ಯುತ್ತು ಸುತ್ತುತ್ತಲೇ ಇರುತ್ತದೆ. ಕೋಣೆ ಖಾಲಿಯಿದ್ದರೂ ಜೇಬು, ಜಡೆ ಮುಟ್ಟಿ ನೋಡಿಕೊಳ್ಳದೆ ಹೊಸ್ತಿಲು ದಾಟಬೇಡ. ನಿನಗೆ ತಲೆಪಿನ್ನು ಮರೆಯುವ ಅಭ್ಯಾಸವಿದೆ.

ಅಭ್ಯಾಸಕ್ಕೆ ಹಣ್ಣು ಇಟ್ಟು ಚಿತ್ರ ತೆಗೆಸುತ್ತಾರೆ ಎಂದು ಬರೆದಿದ್ದೆಯಲ್ಲ, ಬಾವಿಕಟ್ಟೆಯ ಮರದ ಆರು ಕಿತ್ತಳೆಯನ್ನು ಅಪ್ಪನ ಕೈಯಲ್ಲಿ ಕಳಿಸುತ್ತಿದ್ದೇನೆ. ಮಂಗಳವಾರದ ಬಸ್ಸಿಗೆ ಬರುತ್ತಾರೆ. ಒಂದು ಹಣ್ಣಿನ ಟಿ1, ಟಿ2 ಎರಡೂ ತೆಗೆದು ಕಳಿಸು. ಯಾವುದರಲ್ಲಿ ತೊಳೆ ಬೆಳ್ಳಗಿದೆ, ಯಾಕೆ ಎಂದು ನಿನ್ನ ಮಾತಿನಲ್ಲೇ ಬರಿ. ಉಳಿದ ಐದನ್ನು ತಿನ್ನು.

ಇಂತಿ ನಿನ್ನ
ಅಮ್ಮ